ಅಂಕಿತ ಮತ್ತು ಉಲ್ಲೇಖ: ಜಿ.ಎನ್. ರಾಮಚಂದ್ರನ್ ಅವರ ಪ್ರಕಟಣೆಗಳ ಎಣಿಕೆಯ ಪ್ರಶ್ನೆ

ಕೆಂಗೇರಿಯತ್ತ ಸಾಗುವ ಮೈಸೂರು ರಸ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣವಿದೆ. ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರ ನೆಲೆಸಿರುವುದು ಇಲ್ಲಿಯೇ. ಗ್ರಂಥಾಲಯದ ವ್ಯವಹಾರಗಳನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ಅಳೆಯಬೇಕೆಂಬ ವಿಚಾರವನ್ನು ರಂಗನಾಥನ್ 1948ರಲ್ಲಿಯೇ ಮಂಡಿಸಿದ್ದರು. ಇಲ್ಲಿಂದ ತುಸು ದೂರದ ನಾಗರಬಾವಿಯಲ್ಲಿ, 1994ರಲ್ಲಿ ಸ್ಥಾಪನೆಗೊಂಡ ನ್ಯಾಕ್ ಸಂಸ್ಥೆಯ ಪ್ರಧಾನ ಕಚೇರಿಯಿದೆ. ಅದು 2017ರ ಪರಿಷ್ಕೃತ ಚೌಕಟ್ಟಿನಲ್ಲಿ ವಿಶ್ವವಿದ್ಯಾಲಯಗಳಿಂದ ಉಲ್ಲೇಖಗಳ ಸರಾಸರಿಯನ್ನೂ ಎಚ್-ಸೂಚ್ಯಂಕವನ್ನೂ ಕೇಳಿತು. ಈ ಅಳತೆ ಎಷ್ಟು ನಂಬಲರ್ಹವೆಂಬುದನ್ನು ಪರೀಕ್ಷಿಸಲು, ಇದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೈವಿಕ ಭೌತವಿಜ್ಞಾನ ಘಟಕವನ್ನು ಕಟ್ಟಿದ ಜಿ.ಎನ್. ರಾಮಚಂದ್ರನ್ (1922-2001) ಅವರಿಗಿಂತ ತಕ್ಕ ನಿದರ್ಶನ ದೊರೆಯಲಾರದು.

ರಾಮಚಂದ್ರನ್ ಮದರಾಸಿನಲ್ಲಿದ್ದಾಗ, 1963ರಲ್ಲಿ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 'ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ'ಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅದರ ವಿಸ್ತಾರ ಐದೇ ಪುಟ. ಪ್ರೋಟೀನಿನ ಸರಪಳಿ ಫೈ, ಸೈ ಎಂಬ ಎರಡು ಕೋನಗಳಲ್ಲಿ ತಿರುಗಬಲ್ಲದು. ಆದರೆ ಪರಮಾಣುಗಳು ಒಂದಕ್ಕೊಂದು ತಾಗದಂತಿರಬೇಕಾದರೆ ಕೆಲವು ತಿರುವುಗಳು ಮಾತ್ರ ಸಾಧ್ಯ. ಸಾಧ್ಯವಾದವುಗಳನ್ನು ಒಂದು ಚೌಕದೊಳಗೆ ಗುರುತಿಸಿದ ಚಿತ್ರವೇ ಇಂದು ಪಠ್ಯಪುಸ್ತಕಗಳಲ್ಲಿ 'ರಾಮಚಂದ್ರನ್ ನಕ್ಷೆ' ಎನಿಸಿಕೊಂಡಿದೆ. ಪ್ರೋಟೀನ್ ದತ್ತಕೋಶದಲ್ಲಿ 2 ಲಕ್ಷಕ್ಕೂ ಮಿಕ್ಕಿ ರಚನೆಗಳಿವೆ. ಹೊಸದಾಗಿ ಸಲ್ಲಿಕೆಯಾಗುವ ಪ್ರೋಟೀನ್ ರಚನೆ ಸರಿಯೋ ತಪ್ಪೋ ಎಂದು ನೋಡುವಾಗ ಮೊದಲು ಹಿಡಿಯುವ ಒರೆಗಲ್ಲುಗಳಲ್ಲಿ ಇದೂ ಒಂದು.

ಇಷ್ಟು ಬಳಕೆಯಾಗುವ ಕೃತಿಯ ಉಲ್ಲೇಖಗಳನ್ನು ಎಣಿಸಿದರೆ ಏನು ತಿಳಿಯುತ್ತದೆ? ನಕ್ಷೆಯನ್ನು ಬಳಸುವ ಅನೇಕರು 1963ರ ಲೇಖನವನ್ನು ಆಕರಪಟ್ಟಿಯಲ್ಲಿ ಸೇರಿಸುವುದೇ ಇಲ್ಲ. ಹೆಸರು ಹೇಳಿದರೆ ಸಾಕು, ಆಕರ ಬೇಕಿಲ್ಲ. ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ ಈ ವಿದ್ಯಮಾನವನ್ನು ಗುರುತಿಸಿದ್ದರು: ಒಂದು ವಿಚಾರ ಪೂರ್ಣವಾಗಿ ಅರಗಿಹೋದಾಗ ಅದರ ಮೂಲ ಅಳಿಸಿಹೋಗುತ್ತದೆ. ಜಾನಪದದ ವಿದ್ಯಾರ್ಥಿಗೆ ಇದು ಹೊಸತಲ್ಲ. ಬೀಸುವ ಕಲ್ಲಿನ ತ್ರಿಪದಿಗೆ ವಚನಕ್ಕಿರುವಂತೆ ಅಂಕಿತವಿಲ್ಲ; ಅದು ಎಲ್ಲರ ಬಾಯಲ್ಲಿ ಇರುವುದೇ ಅದಕ್ಕೆ ಕಾರಣ. ರಾಮಚಂದ್ರನ್ ಅವರ ಸಂದರ್ಭದಲ್ಲಿ ಅಂಕಿತ ಉಳಿದಿದೆ, ಉಲ್ಲೇಖ ಸವೆದಿದೆ. ಉಳಿದ ಅಂಕಿತವೂ ಒಬ್ಬರದೇ. ಮುಂದೆ ಬೆಂಗಳೂರಿನ ಘಟಕದಲ್ಲಿಯೂ ದುಡಿದ ರಾಮಕೃಷ್ಣನ್, ಶಶಿಶೇಖರನ್ ಇಬ್ಬರೂ ನಕ್ಷೆಯ ಹೆಸರಿನಲ್ಲಿ ಇಲ್ಲ. ನೀಲಗಾರರ ಮೇಳದಲ್ಲಿ ಮುಂದಾಳು ಗಾಯಕನ ಹೆಸರು ಊರೂರಿಗೆ ಹಬ್ಬಿ, ಸೊಲ್ಲು ಎತ್ತಿಕೊಡುವ ಹಿಮ್ಮೇಳದವರು ಮರೆಯಾಗುವ ರೀತಿಯೇ ಇದು.

2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಸೂಚಿಸಿದ ಎಚ್-ಸೂಚ್ಯಂಕದ ಲೆಕ್ಕದಲ್ಲಂತೂ ತೊಡಕು ಇನ್ನೂ ಸ್ಪಷ್ಟ. ಎಷ್ಟೇ ಸಾವಿರ ಬಾರಿ ಉಲ್ಲೇಖಗೊಂಡರೂ ಒಂದು ಲೇಖನ ಆ ಸೂಚ್ಯಂಕಕ್ಕೆ ಒಂದಕ್ಕಿಂತ ಹೆಚ್ಚು ಸೇರಿಸಲಾರದು. ಒಂದು ಕ್ಷೇತ್ರದ ವ್ಯಾಕರಣವನ್ನೇ ಬರೆದ ಐದು ಪುಟಗಳೂ ಸಾಧಾರಣ ಲೇಖನವೊಂದೂ ಅಲ್ಲಿ ಸರಿಸಮ.

ಹಾಗೆಂದು ಎಣಿಕೆಯನ್ನೇ ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ಎಣಿಕೆಯಿಲ್ಲದ ಕಡೆ ಶಿಫಾರಸು ತೀರ್ಪು ನೀಡುತ್ತದೆಂಬುದನ್ನು ವಿಶ್ವವಿದ್ಯಾಲಯಗಳ ಒಳಗಿನವರು ಬಲ್ಲರು. ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಉಲ್ಲೇಖ ಸೂಚಿಯನ್ನು ಪ್ರಸ್ತಾಪಿಸಿದ್ದು ವಿದ್ವಾಂಸರಿಗೆ ಅಂಕ ಹಾಕಲು ಅಲ್ಲ. ಒಂದು ಲೇಖನಕ್ಕೆ ಮುಂದೆ ಬಂದ ಟೀಕೆ, ತಿದ್ದುಪಡಿಗಳನ್ನು ಓದುಗ ಹುಡುಕಿಕೊಳ್ಳಲಿ ಎಂದು. ದಾರಿ ತೋರುವ ಸಾಧನ ತಕ್ಕಡಿಯಾದದ್ದು ಆಮೇಲೆ. ಅದನ್ನು ಪ್ರತಿಭಟಿಸಿದ 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹುಟ್ಟಿದ್ದೂ ಜೀವಕೋಶ ವಿಜ್ಞಾನಿಗಳ ಸಭೆಯಲ್ಲಿ.

ಇದೇ ತಕ್ಕಡಿ ಕನ್ನಡ ಸಂಶೋಧನೆಯನ್ನು ತೂಗತೊಡಗಿದಾಗ ಹಾನಿ ಬೇರೆಯೇ ಬಗೆಯದು. ವಿಶ್ವವಿದ್ಯಾಲಯ ಅನುದಾನ ಆಯೋಗ 2010ರಲ್ಲಿ ಅಂಕಪದ್ಧತಿಯನ್ನು ತಂದಿತು. 2018ರಲ್ಲಿ ಘೋಷಿಸಿದ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು. ಈ ಅವಧಿಯ ಉದ್ದಕ್ಕೂ ಜಾಗತಿಕ ದತ್ತಕೋಶಗಳಲ್ಲಿ ಕನ್ನಡದ ಜಾನಪದ ಸಂಕಲನಗಳು ಇಲ್ಲವೆನ್ನುವಷ್ಟು ವಿರಳವಾಗಿಯೇ ಉಳಿದವು. ಇದು ನ್ಯಾಯವಾದ ದೂರು. ಆದರೆ ದೂರುವವರ ಮನೆಯನ್ನೂ ನೋಡಬೇಕು. ಜಾನಪದ ಮಹಾಪ್ರಬಂಧದ ಕೊನೆಯಲ್ಲಿ ವಕ್ತೃಗಳ ಪಟ್ಟಿಯೊಂದಿರುತ್ತದೆ: ಹೆಸರು, ವಯಸ್ಸು, ಜಾತಿ, ಊರು. ರಾತ್ರಿಯಿಡೀ ಕಾವ್ಯ ಹಾಡಿದ ಕಂಸಾಳೆಯವನಿಗೆ ಅಲ್ಲಿ ಸಿಗುವುದು ಒಂದು ಸಾಲು. ಮುಂದಿನ ಸಂಶೋಧಕ ಉಲ್ಲೇಖಿಸುವುದು ಸಂಪಾದಕನನ್ನು, ಹಾಡಿದವನನ್ನಲ್ಲ.