ಸ್ಪ್ರಿಂಗಿನ ತಲೆಗೊಂದು ಮಣೆ

ಮಳೆ ಹಿಡಿಯುವುದರೊಳಗೆ ಹಿಂಬದಿ ಸ್ಪೇಸರಿನ, ಅಂದರೆ ಸ್ಪ್ರಿಂಗಿನ ತಲೆಯ ಮೇಲೆ ಕೂರಿಸುವ ಮಣೆಯ ವಿಷಯ ಬರೆದು ಮುಗಿಸುತ್ತೇನೆಂದು ಮಾತು ಕೊಟ್ಟು, ಆಮೇಲೆ ಬೇರೇನನ್ನೋ ಹರಟುತ್ತ ಕಾಲ ತಳ್ಳಿದ್ದಾಯಿತು. ಈ ವಾರ ಸಂಪಾದಕರು ಬಿಡುವಂತಿಲ್ಲ. ಕಾಗದಗಳೂ ಬರುತ್ತಲೇ ಇವೆ. ತೋಟದ ದಾರಿಯಲ್ಲಿ ಹಿಂದಿನ ಬಂಪರ್ ಉಜ್ಜುತ್ತದೆ, ನಾಲ್ಕು ಮೂಟೆ ಹೇರಿದರೆ ಗಾಡಿ ಬಾಲ ಊರುತ್ತದೆ, ಒಂದಿಂಚು ಎತ್ತಿದರೆ ಹೇಗೆ, ಅದನ್ನು ಮನೆಯ ಅಂಗಳದಲ್ಲೇ ಮಾಡಬಹುದೇ? ಮೂಡಿಗೆರೆ, ಸಕಲೇಶಪುರದ ಕಡೆಯ ಈ ಪ್ರಶ್ನೆಗೆ ಉತ್ತರ: ಮಾಡಬಹುದು. ಆದರೆ ನಾನು ಹೇಳುವುದು ಚಾಸಿಯ ಮೇಲೆ ನಿಂತ, ಹಿಂದೆ ಇಡೀ ಆಕ್ಸಲ್ಲೂ ಕಾಯಿಲ್ ಸ್ಪ್ರಿಂಗೂ ಇರುವ ಗಾಡಿಗಳಿಗೆ ಮಾತ್ರ. ಜಿಮ್ನಿ, 2020ರ ನಂತರದ ಥಾರ್, ಸ್ಕಾರ್ಪಿಯೊ, ಹಳೆಯ ಸಫಾರಿ ಈ ಜಾತಿಯವು. ಜಿಪ್ಸಿಯವರು ಮುನಿಸಿಕೊಳ್ಳಬಾರದು. ಪಟ್ಟಿ ಸ್ಪ್ರಿಂಗಿನ ಕಥೆಯೇ ಬೇರೆ, ಅದಕ್ಕೆ ಇನ್ನೊಂದು ವಾರ ಬೇಕು.

ನನ್ನ ಟೇಪಿನ ಹುಚ್ಚು ಹಳೆಯ ಓದುಗರಿಗೆ ಗೊತ್ತು. ನೆಲದಿಂದ ಮಡ್‌ಗಾರ್ಡಿಗೆ ಅಳತೆ ಹಿಡಿದು ‘ಇಷ್ಟು ಎತ್ತಿದ್ದೇನೆ’ ಎನ್ನುವವರನ್ನು ನಾನು ನಂಬುವುದಿಲ್ಲ. ಟೈರಿನ ಗಾಳಿ ಸ್ವಲ್ಪ ಇಳಿದರೂ ಆ ಲೆಕ್ಕ ಕೆಟ್ಟಿತು. ಹಬ್ಬಿನ ನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಬೇಕು. ಗಾಡಿ ಖಾಲಿ ಇರಬೇಕು, ನೆಲ ಮಟ್ಟವಾಗಿರಬೇಕು, ನಾಲ್ಕೂ ಗಾಲಿಗಳ ಅಳತೆ ಬರೆದಿಡಬೇಕು. ಎಡಕ್ಕೂ ಬಲಕ್ಕೂ ಎದ್ದು ಕಾಣುವಷ್ಟು ವ್ಯತ್ಯಾಸ ಬಂತೋ, ಸ್ಪೇಸರಿನ ಯೋಚನೆ ಬಿಟ್ಟು ಸ್ಪ್ರಿಂಗಿನ ತುದಿ ಎಲ್ಲಾದರೂ ಮುರಿದಿದೆಯೇ ನೋಡಿ. ಸೋತ ಸ್ಪ್ರಿಂಗಿನ ಮೇಲೆ ಸ್ಪೇಸರ್ ಕೂರಿಸಿದರೆ ಅದು ಸೋಲುವುದು ನಿಲ್ಲುವುದಿಲ್ಲ. ಹೊಸ ಸ್ಪ್ರಿಂಗ್ ಜೋಡಿಯೊಂದನ್ನು ಹಾಕಿದ ಮೇಲೆ ಲಿಫ್ಟಿನ ಆಸೆಯನ್ನೇ ಮರೆತವರುಂಟು.

ಇನ್ನೊಂದು ಭ್ರಮೆಯನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಜಿಮ್ನಿಯ ನೆಲದ ತೆರವು 210 ಮಿಲಿಮೀಟರ್, ಥಾರಿನದು 226 ಎಂದು ಕಂಪನಿಯವರೇ ಹೇಳುತ್ತಾರೆ. ಸ್ಪೇಸರ್ ಹಾಕಿದರೆ ಅದಕ್ಕೆ ಮೂವತ್ತು ಕೂಡಿಸಿ ಹೇಳುವ ಮಂದಿ ಬಹಳ. ಇಡೀ ಆಕ್ಸಲ್ಲಿನ ಗಾಡಿಯಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗೆ ಜೋತಿರುವುದು ಡಿಫರೆನ್ಷಿಯಲ್ಲಿನ ಹೌಸಿಂಗು. ಅದು ಇರುವುದು ಗಾಲಿಯ ಆಸರೆಯಲ್ಲಿ. ಸ್ಪೇಸರ್ ಕೂರುವುದು ಅದಕ್ಕಿಂತ ಮೇಲೆ, ಸ್ಪ್ರಿಂಗಿಗೂ ಚಾಸಿಗೂ ನಡುವೆ. ಬಾಡಿ ಏಳುತ್ತದೆ, ಹೌಸಿಂಗು ಇದ್ದಲ್ಲೇ ಇರುತ್ತದೆ. ದಾರಿಯ ನಡುವಿನ ಕಲ್ಲು ಮೊನ್ನೆ ಎಲ್ಲಿ ತಾಗಿತ್ತೋ ನಾಳೆಯೂ ಅಲ್ಲೇ ತಾಗುತ್ತದೆ. ಹೌಸಿಂಗು ಏಳಬೇಕಾದರೆ ದೊಡ್ಡ ಟೈರೇ ಬೇಕು. ಅದರ ಲೆಕ್ಕವನ್ನೂ ನೋಡೋಣ. ಜಿಮ್ನಿಗೆ ಬರುವ 195/80 ಆರ್ 15 ಟೈರಿನ ವ್ಯಾಸ 693 ಮಿಲಿಮೀಟರ್. ಎಲ್ಲರೂ ಆಸೆಪಡುವ 215/75ರದು 703 ಚಿಲ್ಲರೆ. ಏರುವುದು ಆ ವ್ಯತ್ಯಾಸದ ಅರ್ಧ, ಅಂದರೆ ಐದು ಮಿಲಿಮೀಟರ್. ಸ್ಟೆಪ್ನಿ ಸೇರಿ ಐದು ಟೈರಿನ ದುಡ್ಡು!

ಹಾಗಾದರೆ ಸ್ಪೇಸರಿನಿಂದ ಸಿಗುವುದೇನು? ಬಂಪರ್ ಮೇಲೇಳುತ್ತದೆ, ಇಳಿಜಾರು ಮುಗಿಯುವಲ್ಲಿ ಬಾಲ ಉಜ್ಜುವುದು ತಪ್ಪುತ್ತದೆ, ಹೊರೆ ಹೇರಿದಾಗ ಗಾಡಿ ಹೆಚ್ಚುಕಡಿಮೆ ಮಟ್ಟವಾಗಿ ನಿಲ್ಲುತ್ತದೆ. ಸ್ಪ್ರಿಂಗಿನ ಶಕ್ತಿ ಮಾತ್ರ ಹೆಚ್ಚುವುದಿಲ್ಲ. ಮಣೆ ಹಾಕಿ ಕೂರಿಸಿದ ಮಾತ್ರಕ್ಕೆ ಯಾರೂ ಹೆಚ್ಚು ಭಾರ ಹೊರುವುದಿಲ್ಲವಲ್ಲ. ನಾಲ್ಕು ಮೂಟೆಗೆ ಮೊದಲು ಎಷ್ಟು ಕುಸಿಯುತ್ತಿತ್ತೋ ಈಗಲೂ ಅಷ್ಟೇ ಕುಸಿಯುತ್ತದೆ, ಶುರುವಾಗುವುದು ಸ್ವಲ್ಪ ಮೇಲಿನಿಂದ.

ಬಫರ್ ಪಂಥದವರಿಗೆ ಈ ಮಾತೇ ಸೇರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಗಾಡಿ ನಿಧಾನ ಮಾಡಿದರೆ ಸಾಕು, ‘ಸಾರ್, ಬಫರ್ ಹಾಕ್ಸಿ, ಅರ್ಧ ಗಂಟೆ ಕೆಲ್ಸ, ಜಾಕ್ ಕೂಡ ಬೇಡ’ ಎಂದು ಹುಡುಗರು ಬಾಗಿಲಿಗೇ ಬರುತ್ತಾರೆ. ಬಫರ್ ಎಂದರೆ ಸ್ಪ್ರಿಂಗಿನ ಎರಡು ಸುತ್ತುಗಳ ನಡುವೆ ತುರುಕುವ ದಪ್ಪ ಯುರೇಥೇನ್ ಉಂಗುರ. ಗಾಡಿ ಏಳುತ್ತದೆ, ನಿಜ. ಏಳುವುದು ಆ ಸುತ್ತುಗಳನ್ನು ಕೆಲಸದಿಂದ ತಪ್ಪಿಸಿದ್ದರಿಂದ. ಉಳಿದ ಸುತ್ತುಗಳು ಅವುಗಳ ಪಾಲಿನದನ್ನೂ ಮಾಡಬೇಕು. ಕೆಲಸ ಮಾಡುವ ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗು ಬಿಗಿಯಾಗುತ್ತದೆ. ನಮ್ಮ ಮಣ್ಣಿನ ದಾರಿಯಲ್ಲಿ ರಬ್ಬರಿಗೂ ಕಬ್ಬಿಣಕ್ಕೂ ನಡುವೆ ಮರಳು ಸೇರಿಕೊಂಡು ಬಣ್ಣ ಕೆರೆಯುತ್ತದೆ, ಮಳೆಗಾಲದಲ್ಲಿ ಅಲ್ಲೇ ತುಕ್ಕು ಹಿಡಿಯುತ್ತದೆ. ಸದಾ ಏಳೆಂಟು ಜನರನ್ನು ಹೇರಿಕೊಂಡೇ ಓಡುವ ಬಾಡಿಗೆ ಗಾಡಿಗೆ ಬಫರ್ ಹಾಕುತ್ತೇನೆ ಎಂದರೆ ನಾನು ಜಗಳವಾಡುವುದಿಲ್ಲ. ವಾರದ ಐದು ದಿನ ಒಬ್ಬರೇ ಕೂತು ಹೋಗುವ ಗಾಡಿಗೆ ಯಾಕೆ?

ಈಗ ಬಿಚ್ಚುವ ಜೋಡಿಸುವ ಕ್ರಮಕ್ಕೆ ಬರಬೇಕಿತ್ತು. ಬಫರಿನ ಮಾತೆತ್ತಿದ ಮೇಲೆ ಮಾರಿಸ್ ಓಲಿಯನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ರೋಲ್ಸ್ ರಾಯ್ಸ್‌ನಲ್ಲಿ ಪಳಗಿ 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ ಎಂಜಿನಿಯರ್ ಅವರು. ಅಂದಿನ ಕಾರುಗಳ ಮುಂದಿನ ಸ್ಪ್ರಿಂಗು ಬಿಗಿ, ಹಿಂದಿನದು ಮೆತ್ತಗೆ. ಹಿಂದಿನ ಸೀಟಿನಲ್ಲಿ ಕೂರುವುದು ಸಾಹುಕಾರರು, ಅವರ ಸುಖಕ್ಕಾಗಿ ಹಿಂಬದಿಯನ್ನು ಮೆತ್ತಗೆ ಮಾಡುವುದೇ ಎಲ್ಲರಿಗೂ ತೋಚಿದ ದಾರಿ. ಆದರೂ ಕಾರು ಮುಂದೆ ಹಿಂದೆ ತೂಗುತ್ತಿತ್ತು. 1932ರಲ್ಲಿ ಓಲಿ ಒಂದು ದೊಡ್ಡ ಕ್ಯಾಡಿಲಾಕ್ ಲಿಮೋಸಿನ್ನಿಗೆ ಮುಂದೆಯೂ ಹಿಂದೆಯೂ ಸರಿಸಬಲ್ಲ ತೂಕಗಳನ್ನು ಕಟ್ಟಿ, ಸ್ಪ್ರಿಂಗುಗಳನ್ನು ಬದಲಿಸುತ್ತ ಓಡಿಸಿದರು. ‘ಕೆ ಸ್ಕ್ವೇರ್ ರಿಗ್’ ಎಂದು ಅದಕ್ಕೆ ಹೆಸರು. ಪ್ರಯಾಣದ ಸುಖವನ್ನು ಅಳೆಯಲು ಆಗ ಉಪಕರಣವಿರಲಿಲ್ಲ. ಕೂತು ಬಂದವರು ಏನೆನ್ನುತ್ತಾರೋ ಅದೇ ಅಳತೆ. ಕೊನೆಗೆ ಗಟ್ಟಿಯಾದದ್ದು ಅಂದಿನ ನಂಬಿಕೆಗೆ ತದ್ವಿರುದ್ಧ. ಮುಂಬದಿ ನಿಧಾನವಾಗಿ ಕುಣಿಯಬೇಕು, ಹಿಂಬದಿ ಅದಕ್ಕಿಂತ ತುಸು ಬೇಗ ಕುಣಿಯಬೇಕು. ರಸ್ತೆಯ ಉಬ್ಬು ಮೊದಲು ಸಿಗುವುದು ಮುಂದಿನ ಗಾಲಿಗೆ. ತಡವಾಗಿ ಹತ್ತಿದ ಹಿಂಬದಿ ಬೇಗ ಕುಣಿದರೆ ಮುಂಬದಿಯನ್ನು ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ, ತೂಗಾಟ ಅಡಗಿ ಇಡೀ ಗಾಡಿ ಮಟ್ಟವಾಗಿ ಒಮ್ಮೆ ಎದ್ದು ಕೂರುತ್ತದೆ. ಮುಂದಿನ ಸ್ಪ್ರಿಂಗನ್ನು ಅಷ್ಟು ಮೆತ್ತಗೆ ಮಾಡಿದರೆ ಇಡೀ ಆಕ್ಸಲ್ಲಿನ ಮುಂಗಾಲಿಗಳು ನಡುಗತೊಡಗುತ್ತವೆ. ಅದಕ್ಕಾಗಿಯೇ 1934ರ ಕ್ಯಾಡಿಲಾಕ್ ಮುಂದಿನ ಗಾಲಿಗಳನ್ನು ಬಿಡಿಬಿಡಿಯಾಗಿ ತೂಗುಹಾಕಿಕೊಂಡು ಬಂತು. ಓಲಿಯವರ ಟಿಪ್ಪಣಿಗಳನ್ನು ಆಧರಿಸಿ ವಿಲಿಯಂ ಮತ್ತು ಡಗ್ಲಸ್ ಮಿಲಿಕನ್ ಎಂಬ ಅಪ್ಪ-ಮಗ ಬರೆದ ‘ಚಾಸಿ ಡಿಸೈನ್’ 2002ರಲ್ಲಿ ಬಂದಿದೆ. ಲೆಕ್ಕ ಬರದವರೂ ಅದರ ಚಿತ್ರಗಳನ್ನು ನೋಡಿ ಸುಖಪಡಬಹುದು.

‘ಹಾಗಾದರೆ ಹಿಂಬದಿಯನ್ನು ಬಿಗಿ ಮಾಡುವ ಬಫರ್ ಓಲಿ ಹೇಳಿದ್ದನ್ನೇ ಮಾಡಿತಲ್ಲ?’ ಬಫರ್ ಪಂಥದ ಜಾಣರು ಹೀಗೆ ಕೇಳಿಯೇ ಕೇಳುತ್ತಾರೆ. ಮಾಡಿಲ್ಲ. ಹೊರೆ ಹೊರಲೆಂದೇ ನಮ್ಮ ಎಸ್‌ಯುವಿಗಳ ಹಿಂದಿನ ಸ್ಪ್ರಿಂಗು ಕಾರ್ಖಾನೆಯಿಂದಲೇ ಬಿಗಿಯಾಗಿ ಬಂದಿರುತ್ತದೆ, ಖಾಲಿ ಗಾಡಿಯಲ್ಲಿ ಅದು ಮುಂಬದಿಗಿಂತ ಸಾಕಷ್ಟು ಬೇಗವೇ ಕುಣಿಯುತ್ತಿರುತ್ತದೆ. ಅದಕ್ಕೆ ಹೊಂದುವಂತೆ ಶಾಕ್ ಅಬ್ಸಾರ್ಬರನ್ನು ಹದಗೊಳಿಸಿರುತ್ತಾರೆ. ಮೇಲೆ ಬಫರ್ ತುರುಕಿದರೆ ಸ್ಪ್ರಿಂಗಿನ ಹದ ಬದಲಾಯಿತು, ಶಾಕಿನದು ಬದಲಾಗಲಿಲ್ಲ. ಖಾಲಿ ಗಾಡಿ ಹಂಪಿನಲ್ಲಿ ಒದೆಯುವುದು ಆ ಅಂತರದಿಂದಲೇ. ಜೊತೆಗೆ ಓಲಿಯ ಸೂತ್ರ ಫಲ ಕೊಡುವುದು ವೇಗದಲ್ಲಿ. ಜಿಮ್ನಿಯ ವೀಲ್‌ಬೇಸು 2590 ಮಿಲಿಮೀಟರ್. ಗಂಟೆಗೆ 60 ಕಿಲೋಮೀಟರಿನಲ್ಲಿ ಮುಂದಿನ ಗಾಲಿ ಉಬ್ಬು ಹತ್ತಿ ಸೆಕೆಂಡಿನ ಆರನೇ ಒಂದು ಭಾಗದಲ್ಲಿ ಹಿಂದಿನದು ಹತ್ತುತ್ತದೆ. ಊರ ಮುಂದಿನ ಹಂಪನ್ನು ನಾವು ದಾಟುವುದು ಹದಿನೈದರಲ್ಲಿ. ಆಗ ಎರಡರ ನಡುವೆ ಅರ್ಧ ಸೆಕೆಂಡಿಗೂ ಹೆಚ್ಚು ಸಮಯ. ಮುಂಬದಿಯ ಕುಣಿತ ಮುಗಿಯುತ್ತ ಬಂದಿರುವಾಗ ಹಿಂಬದಿಯದು ಶುರುವಾದರೆ ಯಾರು ಯಾರನ್ನು ಕೂಡಿಕೊಳ್ಳುವುದು? ಹಂಪಿನ ಒದೆಗೆ ಮದ್ದು ಒಳ್ಳೆಯ ಶಾಕ್ ಅಬ್ಸಾರ್ಬರು. ಸ್ಪೇಸರಿನ ಗುಣವೆಂದರೆ ಅದು ಸ್ಪ್ರಿಂಗಿನ ಬಿಗಿಯನ್ನಾಗಲಿ ಕುಣಿತದ ವೇಗವನ್ನಾಗಲಿ ಮುಟ್ಟುವುದೇ ಇಲ್ಲ.

ಜಾಗ ಕಮ್ಮಿಯಾಗುತ್ತಿದೆ, ಕೆಲಸಕ್ಕೆ ಇಳಿಯೋಣ. ಹ್ಯಾಂಡ್‌ಬ್ರೇಕು ಹಿಡಿಯುವುದು ಹಿಂದಿನ ಗಾಲಿಗಳನ್ನು, ನೀವು ಎತ್ತುವುದೂ ಅವನ್ನೇ. ಹಾಗಾಗಿ ಮುಂದಿನ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಗಟ್ಟಿ ಕಲ್ಲು ಕೊಡಿ. ನಟ್ಟುಗಳನ್ನು ಗಾಲಿ ನೆಲದಲ್ಲಿರುವಾಗಲೇ ಸಡಿಲಿಸಿ. ಹೌಸಿಂಗಿನ ಕೆಳಗೆ ಜಾಕ್ ಕೊಟ್ಟು ಎತ್ತಿ, ಚಾಸಿಯ ಎರಡೂ ಬದಿಗೆ ಸ್ಟ್ಯಾಂಡ್ ಇಟ್ಟು ಗಾಡಿಯ ಭಾರವನ್ನು ಅವುಗಳ ಮೇಲೆ ಇಳಿಸಿ. ಸಿಮೆಂಟ್ ಇಟ್ಟಿಗೆ ಇಡುವವರು ದಯವಿಟ್ಟು ಈ ಅಂಕಣ ಓದುವುದು ಬಿಡಿ. ಇಟ್ಟಿಗೆ ಸೂಚನೆ ಕೊಡದೆ ಪುಡಿಯಾಗುತ್ತದೆ. ಈಗ ಜಾಕ್ ಬರೀ ಆಕ್ಸಲ್ಲನ್ನು ಹಿಡಿದಿರುತ್ತದೆ. ಗಾಲಿಗಳನ್ನು ಕಳಚಿ, ಎರಡೂ ಶಾಕುಗಳ ಕೆಳಗಿನ ಬೋಲ್ಟ್ ಬಿಚ್ಚಿ. ಅಡ್ಡಲಾಗಿ ಹೋಗುವ ಪ್ಯಾನ್‌ಹಾರ್ಡ್ ರಾಡಿನ ಒಂದು ತುದಿಯನ್ನೂ ಬಿಡಿಸಿದರೆ ಆಕ್ಸಲ್ಲು ಸಲೀಸಾಗಿ ಇಳಿಯುತ್ತದೆ. ಇಳಿಸುವಾಗ ಕಣ್ಣು ಬ್ರೇಕ್ ಹೋಸಿನ ಮೇಲಿರಲಿ. ಎಬಿಎಸ್ ವೈರು, ಹೌಸಿಂಗಿನ ಉಸಿರಾಟದ ಪೈಪು ಇವೂ ಬಿಗಿಯಾಗಕೂಡದು. ಶಾಕು ಹಿಡಿದಿಲ್ಲದ ಮೇಲೆ ಆಕ್ಸಲ್ಲಿನ ತೂಕಕ್ಕೆ ಹೋಸೇ ಆಸರೆಯಾದರೆ ಕಥೆ ಮುಗಿಯಿತು.

ಸ್ವಲ್ಪ ಇಳಿದ ಮೇಲೆ ಸ್ಪ್ರಿಂಗು ಕೈಗೇ ಬರುತ್ತದೆ. ಸ್ಪ್ರಿಂಗನ್ನು ಅದುಮುವ ಕಂಪ್ರೆಸರ್ ಬೇಡ. ಹಿಂಬದಿಯ ಕೆಲಸವನ್ನು ಮನೆಯಲ್ಲಿ ಮಾಡಬಹುದು ಎಂದು ನಾನು ಧೈರ್ಯದಿಂದ ಹೇಳುವುದು ಇದೊಂದೇ ಕಾರಣಕ್ಕೆ. ಮೇಲಿನ ರಬ್ಬರ್ ಸೀಟಿನ ಜೊತೆಗೆ ಸ್ಪೇಸರನ್ನು ಕೂರಿಸಿ, ಸ್ಪ್ರಿಂಗಿನ ಕೆಳತುದಿ ಸೀಟಿನ ತೋಡಿನಲ್ಲಿ ತನ್ನ ಮೂಲ ಜಾಗಕ್ಕೇ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ ಎತ್ತಿ. ಶಾಕು ಮತ್ತು ರಾಡಿನ ಬೋಲ್ಟುಗಳನ್ನು ಆಗಲೇ ಪೂರ್ತಿ ಬಿಗಿಯಬೇಡಿ. ಗಾಡಿ ತನ್ನ ಕಾಲ ಮೇಲೆ ನಿಂತ ನಂತರ, ಮ್ಯಾನ್ಯುಯಲ್ಲು ಹೇಳಿದ ಟಾರ್ಕಿಗೆ ಬಿಗಿಯಿರಿ. ಜೋತಾಡುವ ಸ್ಥಿತಿಯಲ್ಲಿ ಬಿಗಿದ ರಬ್ಬರ್ ಬುಷ್ ಜೀವನವಿಡೀ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ದಪ್ಪ ಎಷ್ಟಿರಲಿ? ಮೂವತ್ತು ಮಿಲಿಮೀಟರಿಗಿಂತ ಹೆಚ್ಚು ಬೇಡ. ಶಾಕಿನ ಉದ್ದ ಬದಲಾಗಿಲ್ಲವಾದ್ದರಿಂದ ಮೂವತ್ತು ಎತ್ತಿದರೆ ಗಾಲಿ ಗುಂಡಿಗೆ ಇಳಿಯುವ ಅವಕಾಶದಲ್ಲಿ ಮೂವತ್ತು ಕಡಿತವಾಗುತ್ತದೆ. ಮೇಲಕ್ಕೆ ಒತ್ತಿದಾಗ ಬಂಪ್ ಸ್ಟಾಪಿಗೆ ಮೊದಲೇ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುವ ಅಪಾಯವಿದೆ. ಬಂಪ್ ಸ್ಟಾಪಿಗೂ ಒಂದು ತುಂಡು ಕೊಡುವ ಕಿಟ್ಟನ್ನೇ ಕೊಳ್ಳಿ. ಪ್ಯಾನ್‌ಹಾರ್ಡ್ ರಾಡಿನ ಕೋನ ಬದಲಾಗಿ ಆಕ್ಸಲ್ಲು ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ, ಅಷ್ಟನ್ನು ಸಹಿಸಬಹುದು. ಸಹಿಸಬಾರದ್ದು ಬ್ರೇಕಿನದು. ಹಿಂದಿನ ಆಕ್ಸಲ್ಲಿಗೆ ಸರಳು ಕಟ್ಟಿ ಹೊರೆಯನ್ನು ಅಂದಾಜು ಮಾಡುವ ಬ್ರೇಕ್ ವಾಲ್ವು ನಿಮ್ಮ ಗಾಡಿಯಲ್ಲಿದ್ದರೆ, ಬಾಡಿ ಎದ್ದದ್ದನ್ನು ಕಂಡು ಅದು ಗಾಡಿ ಖಾಲಿಯಿದೆ ಎಂದೇ ತಿಳಿಯುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಕಮ್ಮಿ ಮಾಡುತ್ತದೆ. ಸರಳನ್ನು ಹೊಸ ಎತ್ತರಕ್ಕೆ ಹೊಂದಿಸದೆ ಘಾಟಿ ಇಳಿಯಬೇಡಿ.

ಹೆಡ್‌ಲೈಟನ್ನು ಎಲ್ಲರೂ ಮರೆಯುತ್ತಾರೆ. ಜಿಮ್ನಿಯ ಬಾಲ ಮೂವತ್ತು ಮಿಲಿಮೀಟರ್ ಎದ್ದರೆ ಮೂತಿ ಡಿಗ್ರಿಯ ಮೂರನೇ ಎರಡರಷ್ಟು ಬಾಗುತ್ತದೆ. ಕೇಳಲು ಅಲ್ಪ. ಇಪ್ಪತ್ತೈದು ಮೀಟರ್ ದೂರದ ಗೋಡೆಯ ಮೇಲೆ ಬೆಳಕು ಸುಮಾರು ಒಂದಡಿ ಕೆಳಗಿಳಿದಿರುತ್ತದೆ. ಡಿಮ್ ಬೆಳಕು ನೂರಕ್ಕೆ ಒಂದರಷ್ಟು ಇಳಿಯುವಂತೆ ಹೊಂದಿಸಿದ್ದರೆ, ಅದು ನೆಲ ಮುಟ್ಟುವ ದೂರ ಅರ್ಧಕ್ಕಿಂತ ಕಮ್ಮಿಯಾಯಿತು. ಚಾರ್ಮಾಡಿಯ ಮಂಜಿನಲ್ಲಿ ಇದು ಗೊತ್ತಾಗಬಾರದು. ಮೂತಿ ಬಾಗಿದ್ದಕ್ಕೆ ಸ್ಟಿಯರಿಂಗ್ ತಾನಾಗಿ ನೇರವಾಗುವ ಗುಣವೂ ಕೊಂಚ ತಗ್ಗುತ್ತದೆ.

ಕಾನೂನಿನ ಮಾತು ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಗಾಡಿಯನ್ನು ಮಾರ್ಪಡಿಸುವುದಕ್ಕೆ ಬೇಲಿ ಹಾಕಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ‘ಸಣ್ಣದು, ಯಾರಿಗೂ ಕಾಣುವುದಿಲ್ಲ’ ಎಂಬ ಅಂಗಡಿಯವರ ಸಮಾಧಾನ ವಿಮೆಯ ಸರ್ವೇಯರ್ ಬಂದ ದಿನ ನಿಮ್ಮ ಜೊತೆ ನಿಲ್ಲುವುದಿಲ್ಲ. ಕೊಳ್ಳುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ.

ಸಕಲೇಶಪುರದ ಓದುಗರೊಬ್ಬರು, ಹಿಂಬದಿ ಮುಗಿಸಿದ ಮೇಲೆ ತಮ್ಮ ಸ್ಕಾರ್ಪಿಯೊ ಪಕ್ಕದಲ್ಲೇ ನಿಂತಿರುವ ಡಸ್ಟರಿನ ಮುಂಬದಿಯನ್ನೂ ಅದೇ ಭಾನುವಾರ ಎತ್ತಬಹುದೇ ಎಂದು ಕೇಳಿದ್ದಾರೆ. ಬೇಡ ಸ್ವಾಮಿ. ಅಲ್ಲಿರುವುದು ಸ್ಟ್ರಟ್ಟು. ಅದನ್ನು ಬಿಚ್ಚಬೇಕಾಗಿ ಬಂದರೆ ಸ್ಪ್ರಿಂಗು ಅದುಮಿಟ್ಟ ಸ್ಥಿತಿಯಲ್ಲೇ ಇರುತ್ತದೆ, ಮೇಲಿನ ನಟ್ಟು ತಪ್ಪಿದರೆ ಮುಖಕ್ಕೇ ಹಾರುತ್ತದೆ. ಅದನ್ನು ಸರಿಯಾದ ಕಂಪ್ರೆಸರ್ ಇರುವ ವರ್ಕ್‌ಶಾಪಿಗೆ ಕೊಟ್ಟು, ಬರುವಾಗ ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು ಬನ್ನಿ.