ಶ್ರವಣ, ವಾಚನ ಮತ್ತು ಇಂಗ್ಲಿಷ್ ಪರೀಕ್ಷೆ: ಉಡುಪಿ ಸೀಮೆಯ ಪ್ರೌಢಶಾಲೆಗಳನ್ನು ಕುರಿತು

ವಿದ್ಯಾರ್ಥಿಯ ಜ್ಞಾನವನ್ನು ತೂಗುವ ತಕ್ಕಡಿಯೇ ಪರೀಕ್ಷೆ. ತೂಗಿಸಿಕೊಂಡವನ ಗುಣದೋಷಗಳನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ. ತಕ್ಕಡಿಯ ಗುಣದೋಷಗಳನ್ನು ವಿಚಾರಿಸುವವರು ವಿರಳ. 2024ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಇಡೀ ರಾಜ್ಯದ ಉತ್ತೀರ್ಣತೆಯು ಶೇಕಡ 73.40 ಆಗಿದ್ದಾಗ ಉಡುಪಿ ಜಿಲ್ಲೆಯು ಶೇಕಡ 94ನ್ನು ಪಡೆದು ಪ್ರಥಮಸ್ಥಾನದಲ್ಲಿ ನಿಂತಿತು. 2025ರಲ್ಲಿ ಅದರದು ದ್ವಿತೀಯಸ್ಥಾನ. ಇದು ಆ ಸೀಮೆಯ ಉಪಾಧ್ಯಾಯರ ಪರಿಶ್ರಮಕ್ಕೆ ಸಾಕ್ಷಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಫಲಿತಾಂಶದಲ್ಲಿ ಸೇರಿರುವ ಇಂಗ್ಲಿಷಿನ ಅಂಕವು ಯಾವ ಶಕ್ತಿಯನ್ನು ಅಳೆದ ಅಂಕ ಎಂಬ ಪ್ರಶ್ನೆಗೆ ಉತ್ತರವು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಅಂಕಪಟ್ಟಿಯಲ್ಲಿ ಎಂಬತ್ತು ಅಂಕಗಳುಳ್ಳ ಬಾಲಕನು ಇಂಗ್ಲಿಷಿನಲ್ಲಿ ಹೇಳಿದ ಮಾತನ್ನು ಕೇಳಿ ತಿಳಿಯಬಲ್ಲನೆ? ಎಂದೂ ಕಾಣದ ಒಂದು ಪುಟವನ್ನು ಓದಿ ತಾತ್ಪರ್ಯವನ್ನು ಗ್ರಹಿಸಬಲ್ಲನೆ? ಈ ಎರಡಕ್ಕೂ ಆ ಅಂಕವು ಮೌನವಾಗಿಯೇ ಇರುತ್ತದೆ.

ಪ್ರಶ್ನೆಯ ಗಾಂಭೀರ್ಯವು ತಿಳಿಯಬೇಕಾದರೆ ಸ್ಥಳದ ಸ್ವರೂಪವನ್ನು ಮೊದಲು ಗಮನಿಸಬೇಕು. 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ಮನೆಯ ಮಾತು, ಶಾಲೆಯ ಮಾತು, ಉನ್ನತ ವಿದ್ಯೆಯ ಮಾತು ಇವು ಮೂರೂ ಬೇರೆಬೇರೆಯಾಗಿರುವುದೇ ಸಾಮಾನ್ಯ. ಕಾಪುವಿನ ಕಡಲತಡಿಯ ಮೊಗವೀರರ ಮಗುವಿಗೆ ತಾಯ್ನುಡಿ ತುಳು. ನೆರೆಮನೆಯಲ್ಲಿ ಬ್ಯಾರಿ ಭಾಷೆಯಿರಬಹುದು. ಕಾರ್ಕಳದ ಪೇಟೆಯಲ್ಲಿ ತುಳುವಿನೊಡನೆ ಕೊಂಕಣಿಯೂ ಕನ್ನಡವೂ ಸಮನಾಗಿ ಕಿವಿಗೆ ಬೀಳುತ್ತವೆ. ಶಾಲೆಯನ್ನು ಸೇರಿದಂದು ಕನ್ನಡವನ್ನು ಕಲಿಯುವ ಮಗು, ಅದರೊಡನೆಯೇ ಇಂಗ್ಲಿಷಿನ ಅಕ್ಷರಗಳನ್ನೂ ತಿದ್ದುತ್ತದೆ. ಇವೆಲ್ಲಕ್ಕೂ ಸಮೀಪದಲ್ಲಿ ಮಣಿಪಾಲವಿದೆ. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ಅಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ದೇಶವಿದೇಶಗಳ ವಿದ್ಯಾರ್ಥಿಗಳು ಬಂದು ನೆರೆಯುವ ಆ ಗುಡ್ಡದ ಮೇಲೆ ಪಾಠವು ನಡೆಯುವುದು ಇಂಗ್ಲಿಷಿನಲ್ಲಿ. ಕಾಪು, ಕಾರ್ಕಳಗಳ ಕನ್ನಡ ಮಾಧ್ಯಮದ ಶಾಲೆಯಿಂದ ಅಲ್ಲಿಗಾಗಲಿ, ಅಂತಹ ಇನ್ನೊಂದು ವಿದ್ಯಾಲಯಕ್ಕಾಗಲಿ ಹೋಗುವ ವಿದ್ಯಾರ್ಥಿಗೆ ಮೊದಲ ದಿನವೇ ಬೇಕಾಗುವುದು ಬರೆಯುವ ಕೈಯಲ್ಲ, ಕೇಳುವ ಕಿವಿ.

ಹತ್ತನೆಯ ತರಗತಿಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದುವ ವಿದ್ಯಾರ್ಥಿಗೆ ಇಂಗ್ಲಿಷು ಸಾಮಾನ್ಯವಾಗಿ ದ್ವಿತೀಯ ಭಾಷೆ. ಅದಕ್ಕೆ ವಿಧಿಸಿರುವ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯೊಳಗಣ ಮೌಲ್ಯಮಾಪನಕ್ಕೆ ಸಲ್ಲುತ್ತವೆ. ಲಿಖಿತ ಪತ್ರಿಕೆಯಲ್ಲಿ ವ್ಯಾಕರಣ, ಪಠ್ಯದ ಗದ್ಯಪದ್ಯಗಳನ್ನು ಕುರಿತ ಪ್ರಶ್ನೆಗಳು, ಕಂಠಪಾಠದ ಪದ್ಯ, ಪತ್ರಲೇಖನ, ಪ್ರಬಂಧ ಇವೇ ಪ್ರಧಾನ. ಅಪರಿಚಿತ ಗದ್ಯಭಾಗವೊಂದನ್ನು ಕೊಟ್ಟು ಪ್ರಶ್ನೆ ಕೇಳುವುದುಂಟು. ಆದರೆ ಅದರ ಪಾಲು ಅತ್ಯಲ್ಪ. ಕಿವಿಗೆ ಸಂಬಂಧಿಸಿದ ಪ್ರಶ್ನೆಯು ಲಿಖಿತ ಪತ್ರಿಕೆಯಲ್ಲಿ ಒಂದೂ ಇಲ್ಲ. ಕೇಳುವ ಶಕ್ತಿಯನ್ನು ಶಾಲೆಯೊಳಗಣ ಅಂಕಗಳಲ್ಲಿ ಪರಿಗಣಿಸಬಹುದಾದರೂ, ಪ್ರತ್ಯೇಕವಾಗಿ ದಾಖಲಾಗದ ಗುಣವು ಪ್ರತ್ಯೇಕವಾಗಿ ಬೋಧಿಸಲ್ಪಡುವುದೂ ಇಲ್ಲ.

ಭಾರತೀಯ ಶಾಸ್ತ್ರಕಾರರು ಬುದ್ಧಿಯ ಗುಣಗಳನ್ನು ಎಂಟಾಗಿ ಎಣಿಸಿದ್ದಾರೆ: ಶುಶ್ರೂಷೆ, ಶ್ರವಣ, ಗ್ರಹಣ, ಧಾರಣ, ಊಹ, ಅಪೋಹ, ಅರ್ಥವಿಜ್ಞಾನ, ತತ್ತ್ವಜ್ಞಾನ. ಕೇಳುವ ಇಚ್ಛೆ ಬೇರೆ, ಕೇಳುವುದು ಬೇರೆ, ತಿಳಿಯುವುದು ಬೇರೆ, ನೆನಪಿನಲ್ಲಿಡುವುದು ಬೇರೆ ಎಂಬ ವಿವೇಕವು ಈ ಎಣಿಕೆಯಲ್ಲಿ ಸ್ಪಷ್ಟವಾಗಿದೆ. ಈಗಿನ ಇಂಗ್ಲಿಷ್ ಪತ್ರಿಕೆಯ ಮುಖ್ಯದೋಷವೆಂದರೆ, ಧಾರಣವನ್ನು ಅಳೆದು ಅದಕ್ಕೆ ಗ್ರಹಣವೆಂಬ ಹೆಸರಿಡುವುದು. ವರ್ಷವೆಲ್ಲ ಪಾಠ ಮಾಡಿ, ಪ್ರಶ್ನೋತ್ತರಗಳನ್ನು ಬರೆಯಿಸಿ, ಉರು ಹೊಡೆಸಿದ ಪಾಠದ ಮೇಲೆ ಕೇಳುವ ಪ್ರಶ್ನೆಯು ವಾಚನದ ಪರೀಕ್ಷೆಯಲ್ಲ, ಸ್ಮರಣೆಯ ಪರೀಕ್ಷೆ. ನಿಜವಾದ ವಾಚನಪರೀಕ್ಷೆಯಲ್ಲಿ ಊಹಾಪೋಹಗಳಿಗೆ ಎಡೆಯಿರಬೇಕು. ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಭಾನುವಾರಗಳಂದು ಕಾಪುವಿನಲ್ಲಿ ನಿಲ್ಲುವುದಿಲ್ಲವೆಂದು ಒಂದು ಪ್ರಕಟಣೆಯನ್ನು ಇಂಗ್ಲಿಷಿನಲ್ಲಿ ಕೊಟ್ಟರೆಂದು ಇಟ್ಟುಕೊಳ್ಳೋಣ. “ಬಸ್ಸು ಎಲ್ಲಿ ನಿಲ್ಲುವುದಿಲ್ಲ?” ಎಂದು ಕೇಳಿದರೆ, ಅರ್ಥ ತಿಳಿಯದವನೂ ಆ ಊರಿನ ಹೆಸರನ್ನು ಎತ್ತಿ ಬರೆಯಬಲ್ಲನು. “ಭಾನುವಾರ ಉಡುಪಿಯಿಂದ ಕಾಪುವಿನ ಮದುವೆಗೆ ಹೊರಟವನು ಈ ಬಸ್ಸನ್ನು ಹತ್ತಬಹುದೆ?” ಎಂದು ಕೇಳಿದರೆ, ಪ್ರಕಟಣೆಯಲ್ಲಿಲ್ಲದ ನಿರ್ಣಯವೊಂದನ್ನು ಅವನೇ ಮಾಡಬೇಕಾಗುತ್ತದೆ. ಮೊದಲನೆಯದು ಕಣ್ಣಿನ ಕೆಲಸ. ಎರಡನೆಯದು ಓದಿನ ಕೆಲಸ.

ಇಲ್ಲಿ ಕನ್ನಡದ ಶಬ್ದವೊಂದು ತಾನೇ ಭ್ರಮೆಯನ್ನು ಹುಟ್ಟಿಸುತ್ತದೆ. ‘ಓದು’ ಎಂದರೆ ಗಟ್ಟಿಯಾಗಿ ಉಚ್ಚರಿಸುವುದೂ ಹೌದು, ಅಭ್ಯಾಸ ಮಾಡುವುದೂ ಹೌದು, ತಿಳಿಯುವುದೂ ಹೌದು. ಕನ್ನಡ ಲಿಪಿಯು ಬಹುಮಟ್ಟಿಗೆ ಬರೆದಂತೆ ಉಚ್ಚರಿಸುವ ಲಿಪಿಯಾದುದರಿಂದ, ಆ ಲಿಪಿಯಲ್ಲಿ ಪಳಗಿದ ಮಗುವು ಇಂಗ್ಲಿಷಿನ ಸಾಲನ್ನೂ ತಡೆಯಿಲ್ಲದೆ ಉಚ್ಚರಿಸಿಬಿಡುತ್ತದೆ. ಉಪಾಧ್ಯಾಯರು ಅದನ್ನು ಕೇಳಿ ಮಗುವಿಗೆ ಓದು ಬಂದಿತೆಂದು ಸಂತೋಷಪಡುತ್ತಾರೆ. ‘ಅಸರ್’ ಎಂಬ ಗ್ರಾಮೀಣ ಸಮೀಕ್ಷೆಯವರು ಮಕ್ಕಳಿಂದ ಇಂಗ್ಲಿಷ್ ವಾಕ್ಯಗಳನ್ನು ಓದಿಸಿದ ಮೇಲೆ ಅವುಗಳ ಅರ್ಥವನ್ನು ಪ್ರತ್ಯೇಕವಾಗಿ ಕೇಳುವುದು ಈ ಕಾರಣದಿಂದಲೇ. ಉಚ್ಚಾರವು ವಾಚನದ ಬಾಗಿಲು. ಬಾಗಿಲಲ್ಲಿ ನಿಂತವನು ಮನೆಯೊಳಗೆ ಬಂದವನಲ್ಲ.

ಇನ್ನು ಶ್ರವಣದ ವಿಚಾರ. ಹಿಂದಿನ ಶಾಲೆಗಳಲ್ಲಿ ಉಕ್ತಲೇಖನವೆಂಬುದು ನಿತ್ಯದ ವಿಧಿಯಾಗಿತ್ತು. ಉಪಾಧ್ಯಾಯರು ಹೇಳಿದ್ದನ್ನು ಕೇಳಿ ಬರೆಯುವ ಆ ಅಭ್ಯಾಸವನ್ನು ಕಾಗುಣಿತದ ಶುದ್ಧಿಗಾಗಿ ಏರ್ಪಡಿಸಿದ್ದರೂ ವಾಸ್ತವವಾಗಿ ಅದು ಕಿವಿಯ ಪರೀಕ್ಷೆಯೂ ಆಗಿತ್ತು. ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಪರಭಾಷಿಕರಿಗಾಗಿ 1913ರಲ್ಲಿ ಮೊದಲ ಇಂಗ್ಲಿಷ್ ಪರೀಕ್ಷೆಯನ್ನು ನಡೆಸಿದಾಗ ಅದರಲ್ಲಿ ಉಕ್ತಲೇಖನವೂ ಗಟ್ಟಿಯಾದ ವಾಚನವೂ ಸಂಭಾಷಣೆಯೂ ಸೇರಿದ್ದವು. ಅನಂತರ ಉಕ್ತಲೇಖನವು ಹಳೆಯ ಪದ್ಧತಿಯೆಂದು ತಿರಸ್ಕೃತವಾದರೂ, 1970ರ ದಶಕದಲ್ಲಿ ಜಾನ್ ಆಲರ್ ಎಂಬ ಅಮೆರಿಕದ ವಿದ್ವಾಂಸನು ಅದನ್ನು ಮತ್ತೆ ಸಮರ್ಥಿಸಿದನು. ಒಂದು ಉಸಿರಿನಲ್ಲಿ ಹೇಳಿದ ಹತ್ತು ಪದಗಳನ್ನು ತಪ್ಪಿಲ್ಲದೆ ಬರೆಯಬೇಕಾದರೆ ಅವುಗಳ ಅನ್ವಯವು ಮನಸ್ಸಿಗೆ ಹೊಳೆಯಲೇಬೇಕು. ಅರ್ಥವಾಗದ ಮಾತು ನೆನಪಿನಲ್ಲಿ ನಿಲ್ಲುವುದಿಲ್ಲ.

ಈ ಸೀಮೆಯ ಮಕ್ಕಳ ಕಿವಿಯು ಇಂಗ್ಲಿಷಿಗೆ ಒಗ್ಗದ ಕಿವಿಯೆಂದು ಹೇಳುವ ವಾಡಿಕೆಯಿದೆ. ಅದು ವಿಚಾರವಿಲ್ಲದ ಮಾತು. ತುಳುವಿನಲ್ಲಿ ‘ಮಲ್ಪುವೆ’ ಎಂಬ ಕ್ರಿಯಾಪದದ ಕೊನೆಯ ಎಕಾರವನ್ನು ಒಂದು ವಿಧವಾಗಿ ಉಚ್ಚರಿಸಿದರೆ ‘ಅವನು ಮಾಡುತ್ತಾನೆ’ ಎಂದೂ, ಬಾಯನ್ನು ಇನ್ನಷ್ಟು ತೆರೆದು ಉಚ್ಚರಿಸಿದರೆ ‘ನಾನು ಮಾಡುತ್ತೇನೆ’ ಎಂದೂ ಅರ್ಥವಾಗುತ್ತದೆ. ಸಾಮಾನ್ಯವಾದ ಕನ್ನಡ ಬರವಣಿಗೆಯು ಈ ಭೇದವನ್ನು ತೋರಿಸುವುದಿಲ್ಲ. ಆದರೆ ಮೂರು ವರ್ಷದ ಮಗುವಿನ ಕಿವಿ ಅದನ್ನು ತಪ್ಪದೆ ಗುರುತಿಸುತ್ತದೆ. ಇಂಗ್ಲಿಷಿನಲ್ಲಿ ಹಾಸಿಗೆಗೂ ಕೆಟ್ಟದ್ದಕ್ಕೂ ಇರುವ ಶಬ್ದಗಳ ನಡುವಣ ಸ್ವರಭೇದವು ಇದಕ್ಕೆ ಸಮೀಪವಾದುದೇ. ಕೊಂಕಣಿಯಲ್ಲಿಯೂ ಸಂವೃತ ವಿವೃತ ಸ್ವರಗಳ ಭೇದವುಂಟು. ಹೀಗೆ ಮನೆಯಿಂದ ತಂದ ಶ್ರವಣಸಂಪತ್ತನ್ನು ಶಾಲೆಯು ಬಳಸಿಕೊಳ್ಳದೆ, ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆಯಿಸಿ ಕಲಿಸುವುದರಿಂದ ಕಿವಿಯ ಸೂಕ್ಷ್ಮತೆಯು ಲಿಪಿಯ ಅಳತೆಗೆ ಇಳಿಯುತ್ತದೆ. ನಿಜವಾದ ಕಷ್ಟಗಳು ಬೇರೆ ಕಡೆಯಲ್ಲಿವೆ. ವಕಾರದ ಎರಡು ಇಂಗ್ಲಿಷ್ ರೂಪಗಳಿಗೆ ಕನ್ನಡದಲ್ಲಿ ಇರುವುದು ಒಂದೇ ಅಕ್ಷರ. ‘ರೆಕಾರ್ಡ್’ ಎಂಬಲ್ಲಿ ಮೊದಲ ಉಚ್ಚಾರಾಂಶಕ್ಕೆ ಒತ್ತುಬಿದ್ದರೆ ನಾಮಪದ, ಎರಡನೆಯದಕ್ಕೆ ಬಿದ್ದರೆ ಕ್ರಿಯಾಪದ. ಪದಾರ್ಥವನ್ನು ಒತ್ತಿನಿಂದ ಬದಲಿಸುವ ಇಂತಹ ರೂಢಿ ಕನ್ನಡಕ್ಕಿಲ್ಲ. ವೇಗದ ಮಾತಿನಲ್ಲಿ ‘ಆಫ್’, ‘ಟು’, ‘ಹ್ಯಾವ್’ ಮೊದಲಾದ ಚಿಕ್ಕ ಪದಗಳು ಅರ್ಧ ನುಂಗಿಹೋಗುತ್ತವೆ. ಪ್ರತಿಯೊಂದು ಅಕ್ಷರವನ್ನೂ ತುಂಬಿ ಉಚ್ಚರಿಸುವ ಭಾಷೆಯಲ್ಲಿ ಬೆಳೆದವನು ಅವುಗಳಿಗಾಗಿ ಕಾದು, ಉಳಿದ ವಾಕ್ಯವನ್ನೇ ಕಳೆದುಕೊಳ್ಳುತ್ತಾನೆ.

ಪರಭಾಷಿಕರಾದ ಪ್ರೌಢಶಾಲಾ ವಿದ್ಯಾರ್ಥಿಗಳ ಇಂಗ್ಲಿಷ್ ಶ್ರವಣವನ್ನು ವ್ಯವಸ್ಥಿತವಾಗಿ ಪರೀಕ್ಷಿಸುವ ನಾಡುಗಳಲ್ಲಿ ಹಾಂಗ್‌ಕಾಂಗ್ ಮುಖ್ಯವಾದುದು. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರ ಮಾತೃಭಾಷೆ ಕ್ಯಾಂಟನೀಸ್ ಎಂಬ ಚೀನೀ ನುಡಿ. 2012ರಲ್ಲಿ ಆರಂಭವಾದ ಅಲ್ಲಿಯ ಪ್ರೌಢವಿದ್ಯಾ ಪರೀಕ್ಷೆಯು ಇಂಗ್ಲಿಷಿನ ಅಂಕಗಳನ್ನು ವಾಚನಕ್ಕೆ ಶೇಕಡ 20, ಬರವಣಿಗೆಗೆ 25, ಶ್ರವಣ ಮತ್ತು ಸಮನ್ವಿತ ಕೌಶಲಗಳಿಗೆ 30, ಮಾತಿಗೆ 10, ಶಾಲೆಯ ಮೌಲ್ಯಮಾಪನಕ್ಕೆ 15 ಎಂದು ಹಂಚಿತು. ಶ್ರವಣಭಾಗವನ್ನು ಆಕಾಶವಾಣಿಯ ಮೂಲಕ ಪ್ರಸಾರ ಮಾಡಿ, ವಿದ್ಯಾರ್ಥಿಗಳು ತಾವು ತಂದ ಚಿಕ್ಕ ರೇಡಿಯೋಗಳಲ್ಲಿ ಕೇಳಿ ಬರೆಯುವ ಪದ್ಧತಿಯು ಅಲ್ಲಿ ಪ್ರಸಿದ್ಧವಾಗಿತ್ತು. ವಾಚನ ಶ್ರವಣಗಳೆರಡರಲ್ಲಿಯೂ ಸುಲಭ, ಕಠಿಣ ಎಂಬ ಎರಡು ಭಾಗಗಳನ್ನು ಕೊಟ್ಟು, ವಿದ್ಯಾರ್ಥಿಯು ತನ್ನ ಶಕ್ತಿಗೆ ತಕ್ಕುದನ್ನು ಆರಿಸಿಕೊಳ್ಳುವ ಸೌಕರ್ಯವನ್ನೂ ಮಾಡಲಾಯಿತು. ಕೇಳಿ ಟಿಪ್ಪಣಿ ಮಾಡಿಕೊಂಡು, ಜೊತೆಗೆ ಕೊಟ್ಟ ಕಾಗದಪತ್ರಗಳನ್ನು ಓದಿ, ಎರಡನ್ನೂ ಸೇರಿಸಿ ಬರೆಯಬೇಕೆಂಬ ಅಲ್ಲಿಯ ವಿಧಾನವು ವಿಶೇಷವಾಗಿ ಶ್ಲಾಘ್ಯ. ಏಕೆಂದರೆ ಕಾಲೇಜಿನಲ್ಲಿ ವಿದ್ಯಾರ್ಥಿಯು ಮಾಡಬೇಕಾದ ಕೆಲಸವೇ ಅದು.

ಆದರೆ ಅನ್ಯರ ಪರೀಕ್ಷೆಯನ್ನು ಹಾಗೆಯೇ ಎತ್ತಿ ತರುವುದು ಸಲ್ಲದು. ಕ್ಯಾಂಟನೀಸಿನಲ್ಲಿ ಪದಾಂತ್ಯದ ವ್ಯಂಜನಗುಚ್ಛಗಳಿಲ್ಲ. ಕೊನೆಯ ಕ, ಟ, ಪಗಳು ಬಿಡುಗಡೆಯಾಗದೆ ಬಾಯಲ್ಲಿಯೇ ನಿಲ್ಲುತ್ತವೆ. ಆದುದರಿಂದ ಭೂತಕಾಲವನ್ನೂ ಬಹುವಚನವನ್ನೂ ಸೂಚಿಸುವ ಇಂಗ್ಲಿಷ್ ಅಂತ್ಯಗಳು ಆ ವಿದ್ಯಾರ್ಥಿಯ ಕಿವಿಗೆ ಸುಲಭವಾಗಿ ತಪ್ಪಿಹೋಗುತ್ತವೆ. ಕರಾವಳಿಯ ವಿದ್ಯಾರ್ಥಿಯಾದರೋ ಅಂತ್ಯವನ್ನು ಕಳೆಯುವುದಿಲ್ಲ, ‘ಬಸ್ಸು’, ‘ಲೈಟು’ ಎಂದು ಸ್ವರವೊಂದನ್ನು ಸೇರಿಸುತ್ತಾನೆ. ಓದಿನಲ್ಲಿಯೂ ಭೇದವಿದೆ. ಚೀನೀ ಬರವಣಿಗೆಯಲ್ಲಿ ಒಂದೊಂದು ಚಿಹ್ನೆಯೂ ಅರ್ಥವುಳ್ಳ ಒಂದೊಂದು ಘಟಕವನ್ನು ಸೂಚಿಸುವುದರಿಂದ, ಆ ವಿದ್ಯಾರ್ಥಿಗೆ ಇಂಗ್ಲಿಷ್ ಅಕ್ಷರಗಳನ್ನು ಧ್ವನಿಯಾಗಿ ಒಡೆಯುವುದೇ ಶ್ರಮ. ಕನ್ನಡ ವಿದ್ಯಾರ್ಥಿಗೆ ಧ್ವನಿಯಿಂದ ಅರ್ಥಕ್ಕೆ ಏರುವುದು ಶ್ರಮ. ಒಂದು ಕಿವಿಯ ದೋಷಗಳನ್ನು ಅರಿತು ಮಾಡಿದ ಪ್ರಶ್ನೆಗಳು ಇನ್ನೊಂದು ಕಿವಿಯ ದೋಷಗಳನ್ನು ಹಿಡಿಯಲಾರವು. ಉಡುಪಿಗೆ ತಕ್ಕ ಪ್ರಶ್ನೆಗಳನ್ನು ರಚಿಸುವವರಿಗೆ ಸಾಮಗ್ರಿಯ ಕೊರತೆಯೂ ಇಲ್ಲ. ಅದೇ ಊರಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಆ ಮಕ್ಕಳ ಮನೆಮಾತಿನ ಭಂಡಾರವಾಗಿ ಕೈಗೆಟುಕುವಂತಿದೆ.

ಭಾರತದಲ್ಲಿಯೇ ಈ ವಿಷಯದ ಚಿಂತನೆ ನಡೆದಿಲ್ಲವೆಂದಲ್ಲ. ಮೈಕೆಲ್ ವೆಸ್ಟ್ ಎಂಬ ಶಿಕ್ಷಣಾಧಿಕಾರಿಯು ಬಂಗಾಳದ ಶಾಲೆಗಳನ್ನು ಪರಿಶೀಲಿಸಿ 1926ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಾರತದ ಬಾಲಕನಿಗೆ ಮೊದಲು ಬೇಕಾದುದು ಇಂಗ್ಲಿಷನ್ನು ಓದಿ ತಿಳಿಯುವ ಶಕ್ತಿಯೆಂದು ವಾದಿಸಿದನು. ಬೆಂಗಳೂರಿನಲ್ಲಿ ಕೇಂದ್ರವನ್ನು ಹೊಂದಿದ್ದು 1979ರಲ್ಲಿ ಆರಂಭವಾದ ಎನ್. ಎಸ್. ಪ್ರಭು ಅವರ ಬೋಧನಾ ಪ್ರಯೋಗದಲ್ಲಿ ಮಕ್ಕಳಿಗೆ ವ್ಯಾಕರಣವನ್ನು ಬೋಧಿಸದೆ, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಮೊದಲಾದುವನ್ನು ಕೊಟ್ಟು, ಕೇಳಿ ಓದಿ ಸಮಸ್ಯೆಗಳನ್ನು ಬಿಡಿಸುವಂತೆ ಮಾಡಲಾಯಿತು. ತಿಳಿಯುವ ಶಕ್ತಿಯು ಮಾತನಾಡುವ ಶಕ್ತಿಗಿಂತ ಮೊದಲು ಬೆಳೆಯುವುದೆಂಬುದು ಅದರ ತಳಹದಿ. ಕರ್ನಾಟಕದ ನೆಲದಲ್ಲಿಯೇ ಪ್ರಯೋಗಿಸಲ್ಪಟ್ಟ ಈ ತತ್ತ್ವವು ಕರ್ನಾಟಕದ ಪ್ರಶ್ನಪತ್ರಿಕೆಯಲ್ಲಿ ಅಷ್ಟಾಗಿ ನೆಲೆಗೊಳ್ಳದಿರುವುದು ವಿಷಾದಕರ.

ಇದಕ್ಕೆ ಪ್ರಬಲವಾದ ಆಕ್ಷೇಪವೊಂದುಂಟು. ಶ್ರವಣಪರೀಕ್ಷೆಯನ್ನು ವಿಧಿಸಿದರೆ, ಮನೆಯಲ್ಲಿ ಇಂಗ್ಲಿಷನ್ನು ಕೇಳುವ ಮಣಿಪಾಲದ ಮಗುವು ಗೆಲ್ಲುತ್ತದೆ, ಕಾರ್ಕಳದ ಹಳ್ಳಿಯ ಮಗುವು ಸೋಲುತ್ತದೆ. ಬಡವರ ಮೇಲೆ ಇನ್ನೊಂದು ಹೊರೆಯನ್ನು ಹೇರಿದಂತಾಗುತ್ತದೆ ಎಂಬುದು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ; ಶೇಕಡ 94 ಇಳಿಯಲೂಬಹುದು. ಆದರೆ ಪರೀಕ್ಷಿಸದಿದ್ದ ಮಾತ್ರಕ್ಕೆ ಕೊರತೆಯು ಇಲ್ಲವಾಗುವುದಿಲ್ಲ. ಅದು ಹೊರಬೀಳುವ ಕಾಲವು ಮುಂದೆ ಹೋಗುತ್ತದೆ, ಅಷ್ಟೆ. ಹದಿನೈದನೆಯ ವಯಸ್ಸಿನಲ್ಲಿ, ಮನೆಮಾತನ್ನು ಬಲ್ಲ ಉಪಾಧ್ಯಾಯರ ಎದುರಿನಲ್ಲಿ ಕಾಣಿಸಿಕೊಂಡರೆ ತಿದ್ದಬಹುದಾದ ಕೊರತೆಯು, ಹದಿನೆಂಟನೆಯ ವಯಸ್ಸಿನಲ್ಲಿ ನೂರಾರು ಮಂದಿಯ ತರಗತಿಯೊಂದರ ಹಿಂದಿನ ಬೆಂಚಿನಲ್ಲಿ, ಯಾರಿಗೂ ಕಾಣದಂತೆ, ತನ್ನ ಬುದ್ಧಿಯೇ ಮಂದವೆಂಬ ಸ್ವಂತ ತೀರ್ಮಾನವಾಗಿ ಪರಿಣಮಿಸುತ್ತದೆ. ಬಡಮಗುವಿಗೆ ಆಗುವ ಅನ್ಯಾಯವು ಇದೇ ಹೆಚ್ಚಿನದು.

ಆದುದರಿಂದ ಶ್ರವಣಪರೀಕ್ಷೆಯು ಮೊದಲು ರೋಗನಿದಾನವಾಗಿ ಬರಬೇಕು, ತೀರ್ಪಾಗಿ ಅಲ್ಲ. ಎಂಟನೆಯ ತರಗತಿಯಿಂದಲೇ ಉಕ್ತಲೇಖನವನ್ನು ಮತ್ತೆ ರೂಢಿಗೆ ತಂದು, ಬರೆದುದರ ಮೇಲೆ ಅರ್ಥದ ಪ್ರಶ್ನೆಗಳನ್ನು ಕೇಳಬಹುದು. ಧ್ವನಿಯು ಲಂಡನ್ನಿನದಾಗಬೇಕಾಗಿಲ್ಲ, ಸ್ಪಷ್ಟವಾಗಿ ಮಾತನಾಡುವ ಭಾರತೀಯ ಉಪಾಧ್ಯಾಯರದಾದರೆ ಸಾಕು, ಏಕೆಂದರೆ ಆ ವಿದ್ಯಾರ್ಥಿಯು ಮುಂದೆ ಕೇಳಬೇಕಾದುದು ಬಹುತೇಕ ಅಂತಹ ಧ್ವನಿಯನ್ನೇ. ಕಿವಿಯ ನ್ಯೂನತೆಯುಳ್ಳವರಿಗೆ ಬೇರೆ ಏರ್ಪಾಡಿರಬೇಕು. ಲಿಖಿತ ಪತ್ರಿಕೆಯಲ್ಲಿ ಅಪರಿಚಿತ ಗದ್ಯದ ಪಾಲನ್ನು ಹೆಚ್ಚಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ವಾಚನ, ಶ್ರವಣ, ಬರವಣಿಗೆ ಇವುಗಳ ಅಂಕಗಳನ್ನು ಬೇರೆಬೇರೆಯಾಗಿ ತೋರಿಸಬೇಕು. ‘ಇಂಗ್ಲಿಷಿನಲ್ಲಿ ಹಿಂದೆ’ ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ. ‘ಓದಿ ತಿಳಿಯುತ್ತಾನೆ, ಕೇಳಿ ತಿಳಿಯಲಾರನು’ ಎಂದರೆ ಉಪಾಧ್ಯಾಯರಿಗೆ ನಾಳೆಯ ಕೆಲಸವು ದೊರೆಯುತ್ತದೆ.

ಕರಾವಳಿಯು ಕೇಳುವ ವಿದ್ಯೆಯಲ್ಲಿ ಬಡನಾಡಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳ ವಾದಪ್ರತಿವಾದಗಳನ್ನು ಗಂಟೆಗಟ್ಟಲೆ ಕೇಳಿ, ಯಾರ ಮಾತಿಗೆ ಯಾರ ಮಾತು ಉತ್ತರವಾಯಿತು, ಯಾವುದು ಜಾರಿಕೊಂಡಿತು ಎಂದು ಮಾರನೆಯ ದಿನ ಜಗಲಿಯ ಮೇಲೆ ವಿಮರ್ಶಿಸುವ ಜನರಿರುವ ಸೀಮೆಯಿದು. ಶಾಲೆಯ ಮೆಟ್ಟಿಲನ್ನೇ ಹತ್ತದ ಎಷ್ಟೋ ಮಂದಿ ಹಿರಿಯರಲ್ಲಿ ಶ್ರವಣ, ಗ್ರಹಣ, ಊಹ, ಅಪೋಹಗಳು ಹೀಗೆ ಬೆಳೆದಿದ್ದವು. ಅಂತಹವರ ಮೊಮ್ಮಕ್ಕಳನ್ನು ಹತ್ತು ವರ್ಷ ಶಾಲೆಯಲ್ಲಿ ಕೂರಿಸಿಕೊಂಡ ಮೇಲೆ, ಒಂದು ಭಾಷೆಯನ್ನು ಅವರು ಕೇಳಿ ತಿಳಿಯಬಲ್ಲರೆ ಎಂದು ಒಮ್ಮೆಯೂ ವಿಚಾರಿಸದೆ ಪ್ರಮಾಣಪತ್ರವನ್ನು ಕೊಟ್ಟು ಕಳುಹಿಸುವುದು ಪರೀಕ್ಷಾಪದ್ಧತಿಯ ಲೋಪವೇ ಹೊರತು ಮಕ್ಕಳ ಲೋಪವಲ್ಲ.