ಮರೀಚ್‌ಝಾಪಿಯ ಕತೆ ಯಾರ ಬಾಯಲ್ಲಿ?

ದೇಶ ವಿಭಜನೆಯ ನಿರಾಶ್ರಿತರೆಂದರೆ ನಮಗೆ ಥಟ್ಟನೆ ನೆನಪಾಗುವುದು ಪಂಜಾಬಿನ ರೈಲುಗಳು. ಅಲ್ಲಿ ಬಂದಿಳಿದವರಿಗೆ ಮುಸ್ಲಿಮರು ಬಿಟ್ಟುಹೋದ ಮನೆ, ಜಮೀನುಗಳು ಪರಿಹಾರವಾಗಿ ಸಿಕ್ಕವು. ಪೂರ್ವ ಬಂಗಾಳದಿಂದ ಬಂದವರಿಗೆ ಅಂಥ ಭಾಗ್ಯವಿರಲಿಲ್ಲ. ಅವರೊಳಗೂ ಮೇಲುಜಾತಿಯ ಅನೇಕರು ಕಲ್ಕತ್ತೆಯ ಸುತ್ತ ಕಾಲೊನಿ ಕಟ್ಟಿಕೊಂಡು ನೆಲೆನಿಂತರೆ, ನಾಮಶೂದ್ರ ರೈತರನ್ನು ಶಿಬಿರಗಳಿಗೆ, ಅಲ್ಲಿಂದ ದಂಡಕಾರಣ್ಯಕ್ಕೆ ಸಾಗಿಸಲಾಯಿತು. ನಮ್ಮ ಸಿಂಧನೂರಿನ ಕ್ಯಾಂಪುಗಳಿಗೂ ಇಂಥ ಬಂಗಾಳಿ ಕುಟುಂಬಗಳು ಬಂದವು.

ಇವರನ್ನು ಬಂಗಾಳದಲ್ಲೇ ನೆಲೆಗೊಳಿಸಬೇಕೆಂದು ವಾದಿಸಿದ್ದ ಎಡಪಕ್ಷಗಳು 1977ರಲ್ಲಿ ಅಧಿಕಾರಕ್ಕೆ ಬಂದವು. ಆ ಮಾತು ನಂಬಿ ದಂಡಕಾರಣ್ಯದಿಂದ ಹೊರಟವರು 1978ರಲ್ಲಿ ಸುಂದರಬನದ ಮರೀಚ್‌ಝಾಪಿ ದ್ವೀಪದಲ್ಲಿ ಗುಡಿಸಲು, ಶಾಲೆ ಕಟ್ಟಿದರು. ಮೀಸಲು ಅರಣ್ಯವೆಂದು ಸರಕಾರ 1979ರ ಜನವರಿಯಲ್ಲಿ ದ್ವೀಪಕ್ಕೆ ದಿಗ್ಬಂಧನ ಹಾಕಿತು, ಮೇ ತಿಂಗಳಲ್ಲಿ ಅವರನ್ನು ಒಕ್ಕಲೆಬ್ಬಿಸಿತು. ಸತ್ತವರ ಲೆಕ್ಕ ಇಂದಿಗೂ ಇತ್ಯರ್ಥವಾಗಿಲ್ಲ.

ಅಮಿತಾವ್ ಘೋಷರ 'ದಿ ಹಂಗ್ರಿ ಟೈಡ್' (2004) ಈ ಘಟನೆಯನ್ನು ಇಂಗ್ಲಿಷ್ ಓದುಗರ ಮುಂದೆ ತಂದಿಟ್ಟಿತು. ಅದಕ್ಕಾಗಿ ನಾವು ಕೃತಜ್ಞರು. ಅದರಲ್ಲೂ ನೀಲಿಮಾಳ ಪಾತ್ರ. ಆಸ್ಪತ್ರೆ ನಡೆಸುವ ಒಳ್ಳೆಯ ಹೆಂಗಸು ಆಕೆ. ಆದರೂ ಸರಕಾರ ಮುನಿದೀತೆಂದು ನಿರಾಶ್ರಿತರಿಗೆ ನೆರವು ನಿರಾಕರಿಸುತ್ತಾಳೆ. ಮುಹಾಜಿರರೊಂದಿಗೆ ತಮ್ಮದನ್ನೆಲ್ಲ ಹಂಚಿಕೊಂಡ ಅನ್ಸಾರರ ಕತೆ ಕೇಳುತ್ತ ಬೆಳೆದ ನಮಗೆ ಈ ಪಾತ್ರ ಚುಚ್ಚುತ್ತದೆ, ಏಕೆಂದರೆ ನಮ್ಮ ಸಂಸ್ಥೆಗಳಲ್ಲೂ ನೀಲಿಮಾಗಳಿದ್ದಾರೆ.

ನಮ್ಮ ತಕರಾರಿರುವುದು ಬೇರೆ ಕಡೆ. ಮರೀಚ್‌ಝಾಪಿ ನಮಗೆ ಕಾಣುವುದು ನಿವೃತ್ತ ಮುಖ್ಯೋಪಾಧ್ಯಾಯ ನಿರ್ಮಲನ ನೋಟ್‌ಬುಕ್ಕಿನ ಮೂಲಕ. ರಿಲ್ಕೆಯ ಕವಿತೆಗಳಲ್ಲಿ ಮುಳುಗಿದ ಈ ಭದ್ರಲೋಕದ ಮೇಷ್ಟ್ರಿಗೆ ಕೊನೆಗಾಲದಲ್ಲೊಂದು ಕ್ರಾಂತಿ ಬೇಕಿತ್ತು, ಸಿಕ್ಕಿತು. ದ್ವೀಪದವರ ಪರವಾಗಿ ಮಾತಾಡುವ ಕುಸುಮ್ ಕೂಡ ದಂಡಕಾರಣ್ಯದವಳಲ್ಲ. ಧನ್‌ಬಾದಿನಿಂದ ಬಂದು ಅವರ ಜೊತೆ ಸೇರಿಕೊಂಡವಳು. ನಿರಾಶ್ರಿತರಲ್ಲಿ ಹೆಚ್ಚಿನವರು ದಲಿತರೆಂದು ಹೇಳುವ ಕಾದಂಬರಿ, ಅವರಿಗೇ ಏಕೆ ಈ ಗತಿಯೆಂದು ಕೆದಕುವುದಿಲ್ಲ. ಕೊನೆಗೆ ಆ ನೋಟ್‌ಬುಕ್ಕೂ ನೀರುಪಾಲಾಗುತ್ತದೆ. ಅದನ್ನು ನೆನಪಿನಿಂದ ಮತ್ತೆ ಬರೆಯಹೊರಡುವವನು ಮೇಷ್ಟ್ರ ಹೆಂಡತಿಯ ಸೋದರಿಯ ಮಗ, ದಿಲ್ಲಿಯ ಅನುವಾದಕ!

ಇದರ ಪಕ್ಕದಲ್ಲಿ ಮನೋರಂಜನ್ ಬ್ಯಾಪಾರಿಯವರ ಆತ್ಮಕಥೆಯನ್ನಿಟ್ಟು ನೋಡಬೇಕು. 2018ರಲ್ಲಿ ಇಂಗ್ಲಿಷಿಗೂ ಬಂತು. ನಾಮಶೂದ್ರ ನಿರಾಶ್ರಿತ ಕುಟುಂಬದ ಬ್ಯಾಪಾರಿ ಶಿಬಿರದಲ್ಲಿ ಬೆಳೆದರು, ಅಕ್ಷರ ಕಲಿತದ್ದು ಜೈಲಿನಲ್ಲಿ. ಶಿಬಿರದ ಹಸಿವನ್ನು ಹೇಳಲು ಅವರಿಗೆ ರಿಲ್ಕೆಯ ನೆರವು ಬೇಕಾಗಿಲ್ಲ. ಕಲ್ಕತ್ತೆಯಲ್ಲಿ ರಿಕ್ಷಾ ಎಳೆಯುತ್ತಿದ್ದಾಗ, ಪ್ರಯಾಣಿಕರಾಗಿ ಹತ್ತಿದ ಹೆಂಗಸನ್ನು ಅವರು ಒಂದು ಪದದ ಅರ್ಥ ಕೇಳಿದರು. ಆಕೆ ಮಹಾಶ್ವೇತಾ ದೇವಿ. ಪದ 'ಜಿಜೀವಿಷಾ', ಬದುಕಬೇಕೆಂಬ ಆಸೆ.